ದುಂಡು ಮೂಲೆಯ ವ್ಯಾಜ್ಯ

2012ರ ಕೊನೆಯ ತಿಂಗಳುಗಳಲ್ಲಿ ಗಲ್ಫಿನ ನಮ್ಮ ರೂಮುಗಳಲ್ಲೆಲ್ಲ ಒಂದು ಸುದ್ದಿ ಸುತ್ತಾಡಿತ್ತು. ಹಳಬರಿಗೆ ನೆನಪಿರಬಹುದು. ಸ್ಯಾಮ್‌ಸಂಗ್ ಕಂಪನಿ ಆಪಲ್ ಕಂಪನಿಗೆ ನೂರು ಕೋಟಿ ಡಾಲರ್ ಕೊಡಬೇಕು ಅಂತ ಅಮೆರಿಕದ ಕೋರ್ಟು ಹೇಳಿತಂತೆ. ಸ್ಯಾಮ್‌ಸಂಗಿನವರು ಸಿಟ್ಟಿನಲ್ಲಿ ಅಷ್ಟೂ ಹಣವನ್ನು ಐದು ಸೆಂಟಿನ ಚಿಲ್ಲರೆಯಲ್ಲಿ ಮೂವತ್ತು ಲಾರಿಗೆ ಹೇರಿ ಆಪಲ್ ಆಫೀಸಿನ ಎದುರು ತಂದು ನಿಲ್ಲಿಸಿದರಂತೆ. ಎಣಿಸಿಕೊಳ್ಳಿ ಅಂದರಂತೆ! ನಾವೆಲ್ಲ ಓದಿ ನಕ್ಕದ್ದೇ ನಕ್ಕದ್ದು.

ಆ ಲಾರಿಗಳ ಕತೆ ಶುದ್ಧ ತಮಾಷೆ. ಹಾಸ್ಯಕ್ಕೆ ಅಂತ ಯಾರೋ ಬರೆದದ್ದನ್ನು ಜನ ನಿಜವೆಂದು ಹಂಚಿದರು. ಸ್ವಲ್ಪ ಲೆಕ್ಕ ಹಾಕಿದ್ದರೆ ಗೊತ್ತಾಗ್ತಿತ್ತು. ಅಮೆರಿಕದ ಐದು ಸೆಂಟಿನ ನಾಣ್ಯದ ತೂಕ 5 ಗ್ರಾಂ. ನೂರು ಕೋಟಿ ಡಾಲರಿಗೆ ಎರಡು ಸಾವಿರ ಕೋಟಿ ನಾಣ್ಯ ಬೇಕು, ಅಂದರೆ ಒಂದು ಲಕ್ಷ ಟನ್. ಒಂದೊಂದು ಲಾರಿಗೆ 25 ಟನ್ ಹೇರಿದರೂ ನಾಲ್ಕು ಸಾವಿರ ಲಾರಿ ಆಗಬೇಕು ಮಾರಾಯ್ರೆ! ಅದಿರಲಿ, ಆಗ ಒಂದು ಪೈಸೆಯೂ ಕೈ ಬದಲಾಗಿರಲಿಲ್ಲ. ನಾವು ಕೊನೆ ಅಂದುಕೊಂಡ ಆ ತೀರ್ಪು ಬರೇ ಆರಂಭವಾಗಿತ್ತು. ಆಮೇಲೆ ಇನ್ನೂ ಆರು ವರ್ಷ ಈ ವ್ಯಾಜ್ಯ ನಡೆಯಿತು.

ನಾನು ಮೊಬೈಲ್ ರಿಪೇರಿ ಮೇಜಿನ ಮುಂದೆ ಕೂರುವವ. ದಿನಾ ಈ ಎರಡು ಕಂಪನಿಗಳ ಫೋನುಗಳ ಹೊಟ್ಟೆ ಬಿಚ್ಚುವುದೇ ಕೆಲಸ. ಹಾಗಾಗಿ ಈ ಜಗಳದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ. ಸ್ಯಾಮ್‌ಸಂಗ್ ನಕಲು ಮಾಡಿತೋ ಇಲ್ಲವೋ ಎನ್ನುವುದೇ ಇಡೀ ಜಗಳ ಅಂತ ಹೆಚ್ಚಿನವರು ತಿಳಿದಿದ್ದಾರೆ. ಓದುತ್ತಾ ಹೋದಂತೆ ನನಗೆ ಕಂಡದ್ದು ಬೇರೆ. ಆ ಪ್ರಶ್ನೆಗೆ ಬೇಗನೇ ಒಂದು ಉತ್ತರ ಸಿಕ್ಕಿತು. ವರ್ಷಗಟ್ಟಲೆ ಎಳೆದದ್ದು ಇನ್ನೊಂದು ಪ್ರಶ್ನೆ: ಒಂದು ವಸ್ತುವಿನ ಹೊರಗಿನ ರೂಪವನ್ನು ಮಾತ್ರ ಯಾರಾದರೂ ನಕಲು ಮಾಡಿದರೆ, ಕೊಡಬೇಕಾದ್ದು ಆ ರೂಪದ ಬೆಲೆಯನ್ನೋ, ಇಡೀ ವಸ್ತುವಿನ ಲಾಭವನ್ನೋ? ಊರಿನಲ್ಲಿ ನಮ್ಮ ಮನೆಯ ಮುಂಬಾಗಿಲಿನ ಕೆತ್ತನೆಯನ್ನು ನೋಡಿ ಪಕ್ಕದವರು ಹಾಗೆಯೇ ಮಾಡಿಸಿದರೆ, ಬಾಗಿಲಿನ ಲೆಕ್ಕ ಕೇಳಬಹುದೋ, ಅವರ ಮನೆಯನ್ನೇ ಕೇಳಬಹುದೋ?

ಮೊದಲಿನಿಂದ ಹೇಳ್ತೇನೆ.

2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಮೊದಲ ಐಫೋನನ್ನು ತೋರಿಸಿದರು. ಬೆರಳಲ್ಲೇ ಎಲ್ಲ ಮಾಡುವ ಪರದೆಯ ಬಗ್ಗೆ ಹೇಳುವಾಗ, ಇದಕ್ಕೆಲ್ಲ ಪೇಟೆಂಟ್ ಮಾಡಿಸಿಟ್ಟಿದ್ದೇವೆ ಅಂತ ಅದೇ ವೇದಿಕೆಯಲ್ಲೇ ನಗುತ್ತಾ ಎಚ್ಚರಿಕೆ ಕೊಟ್ಟರು. ಆ ಕಾಲದ ನಮ್ಮ ಕೈಯ ಫೋನುಗಳನ್ನು ನೆನಪಿಸಿಕೊಳ್ಳಿ. ಅರ್ಧ ಭಾಗ ಗುಂಡಿ, ಅರ್ಧ ಭಾಗ ಪರದೆ. ಅದೇ ಹೊತ್ತಿಗೆ ಎಲ್‌ಜಿಯವರ ಪ್ರಾಡಾ ಎಂಬ ಪೂರ್ತಿ ಪರದೆಯ ಫೋನ್ ಕೂಡ ಬಂದಿತ್ತು ಅನ್ನುವುದನ್ನು ಮರೆಯಬಾರದು. ಕೋರ್ಟಿನಲ್ಲಿ ಸ್ಯಾಮ್‌ಸಂಗ್ ವಕೀಲರು ಇಂತಹ ಉದಾಹರಣೆಗಳನ್ನೇ ಮುಂದೆ ಹಿಡಿದರು.

ಮೊದಲ ಐಫೋನಿನ ಒಳಗೆ ಇದ್ದ ಪ್ರೊಸೆಸರ್ ಮಾಡಿಕೊಟ್ಟದ್ದು ಯಾರು? ಸ್ಯಾಮ್‌ಸಂಗ್. 2010ರಲ್ಲಿ ಆಪಲ್ ತನ್ನದೇ ಹೆಸರಿನಲ್ಲಿ ತಂದ ಎ4 ಚಿಪ್ಪನ್ನು ತಯಾರಿಸಿದ್ದೂ ಸ್ಯಾಮ್‌ಸಂಗ್. ಮೆಮೊರಿ ಚಿಪ್ಪುಗಳನ್ನು ಕೊಡುತ್ತಿದ್ದುದೂ ಅವರೇ. ಸ್ಯಾಮ್‌ಸಂಗಿನ ಬಿಡಿಭಾಗ ಕೊಳ್ಳುವ ಅತಿ ದೊಡ್ಡ ಗಿರಾಕಿಗಳಲ್ಲಿ ಆಪಲ್ ಒಂದು. ಹಾಗಾಗಿ ಇದು ಬದ್ಧ ವೈರಿಗಳ ಜಗಳ ಅಲ್ಲ. ಒಂದೇ ಓಣಿಯಲ್ಲಿ ಒಬ್ಬರಿಗೊಬ್ಬರು ಸಾಮಾನು ಕೊಟ್ಟುಕೊಂಡಿದ್ದ ಎರಡು ಅಂಗಡಿಗಳ ನಡುವೆ ಹುಟ್ಟಿದ ಜಗಳ.

2010ರಲ್ಲಿ ಗ್ಯಾಲಕ್ಸಿ ಎಸ್ ಬಂತು. ಮೇಜಿನ ಮೇಲೆ ಐಫೋನ್ ಪಕ್ಕದಲ್ಲಿಟ್ಟರೆ ದುಂಡು ಮೂಲೆ, ಸುತ್ತಲಿನ ಬೆಳ್ಳಿಯ ಅಂಚು, ಸಾಲಾಗಿ ಜೋಡಿಸಿದ ಬಣ್ಣದ ಚೌಕಗಳು, ಎಲ್ಲ ಅಣ್ಣತಮ್ಮಂದಿರ ಹಾಗೆ. ಇದು ಹೇಗಾಯಿತು ಎನ್ನುವುದಕ್ಕೆ ಆಮೇಲೆ ಕೋರ್ಟಿನಲ್ಲಿ ಎರಡು ಕಾಗದಗಳು ಹೊರಬಂದವು. ಒಂದು, 2010ರ ಫೆಬ್ರವರಿಯ ಸ್ಯಾಮ್‌ಸಂಗ್ ಒಳಗಿನ ಟಿಪ್ಪಣಿ. ನಮ್ಮ ಫೋನಿಗೂ ಐಫೋನಿಗೂ ಭೂಮಿ ಆಕಾಶದ ಅಂತರವಿದೆ, ಇದು ವಿನ್ಯಾಸದ ಬಿಕ್ಕಟ್ಟು ಅಂತ ಅವರ ಮೊಬೈಲ್ ವಿಭಾಗದ ಮುಖ್ಯಸ್ಥರೇ ಹೇಳಿದ್ದು ಅದರಲ್ಲಿತ್ತು. ಇನ್ನೊಂದು, 132 ಪುಟದ ವರದಿ. ಪುಟಕ್ಕೊಂದರಂತೆ ಐಫೋನಿನ ಒಂದೊಂದು ಅಂಶ, ಪಕ್ಕದಲ್ಲಿ ತಮ್ಮ ಫೋನು, ಕೆಳಗೆ ಏನು ತಿದ್ದಬೇಕು ಎಂಬ ಸೂಚನೆ. ಎದುರಾಳಿಯ ಸಾಮಾನು ಬಿಚ್ಚಿ ನೋಡದ ಕಂಪನಿ ಈ ಲೋಕದಲ್ಲಿಲ್ಲ ಅಂತ ಸ್ಯಾಮ್‌ಸಂಗ್ ವಾದಿಸಿತು. ಆ ಮಾತು ಸುಳ್ಳೂ ಅಲ್ಲ. ಆದರೆ 132 ಪುಟ ಅಂದರೆ ಪರೀಕ್ಷೆಯಲ್ಲಿ ಪಕ್ಕದ ಬೆಂಚಿನತ್ತ ಒಂದು ಸಲ ಕಣ್ಣು ಹಾಯಿಸಿದ ಹಾಗಲ್ಲ. ಉತ್ತರಪತ್ರಿಕೆಯನ್ನೇ ಎದುರಿಗಿಟ್ಟುಕೊಂಡ ಹಾಗೆ. ಇದು ನನ್ನ ಅಭಿಪ್ರಾಯ.

ಆಪಲ್ ನೇರ ಕೋರ್ಟಿಗೆ ಓಡಲಿಲ್ಲ. 2010ರ ಅಕ್ಟೋಬರಿನಲ್ಲಿ ಒಂದು ರಾಜಿಯ ಲೆಕ್ಕ ಮುಂದಿಟ್ಟಿತು. ಒಂದು ಸ್ಮಾರ್ಟ್‌ಫೋನಿಗೆ 30 ಡಾಲರ್, ಒಂದು ಟ್ಯಾಬ್ಲೆಟ್ಟಿಗೆ 40 ಡಾಲರ್ ಕೊಡಿ, ನಿಮ್ಮ ಪೇಟೆಂಟುಗಳನ್ನು ನಮಗೆ ಬಳಸಲು ಬಿಟ್ಟರೆ ಶೇಕಡಾ 20 ಕಡಿಮೆ ಮಾಡ್ತೇವೆ ಅಂತ. ಸ್ಯಾಮ್‌ಸಂಗ್ ಒಪ್ಪಲಿಲ್ಲ. 2011ರ ಏಪ್ರಿಲ್ 15ರಂದು ಆಪಲ್ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕೋರ್ಟಿನಲ್ಲಿ ದಾವೆ ಹೂಡಿತು. ಒಂದು ವಾರದಲ್ಲಿ ಸ್ಯಾಮ್‌ಸಂಗ್ ಸೋಲ್, ಟೋಕಿಯೋ ಮತ್ತು ಜರ್ಮನಿಯ ಮಾನ್‌ಹೈಮ್‌ನಲ್ಲಿ ಎದುರು ದಾವೆ ಹಾಕಿತು.

ಆಗ ಈ ಇಬ್ಬರು ಮಾತ್ರ ಕೋರ್ಟು ಹತ್ತಿದ್ದಲ್ಲ. ನೋಕಿಯಾ 2009ರಲ್ಲೇ ಆಪಲ್ ಮೇಲೆ ಹೋಗಿತ್ತು. ಆಪಲ್ 2010ರಲ್ಲಿ ತೈವಾನಿನ ಎಚ್‌ಟಿಸಿ ಮೇಲೆ ಹೋಯಿತು. ದಿವಾಳಿಯಾದ ಕೆನಡಾದ ನಾರ್ಟೆಲ್ ಕಂಪನಿಯ ಸುಮಾರು ಆರು ಸಾವಿರ ಪೇಟೆಂಟುಗಳನ್ನು ಆಪಲ್, ಮೈಕ್ರೋಸಾಫ್ಟ್ ಮೊದಲಾದವರು ಸೇರಿ 450 ಕೋಟಿ ಡಾಲರಿಗೆ ಹರಾಜಿನಲ್ಲಿ ಹಿಡಿದರು. ಅಲ್ಲಿ ಸೋತ ಗೂಗಲ್ ಮೊಟೊರೋಲಾದ ಮೊಬೈಲ್ ಕಂಪನಿಯನ್ನೇ 1250 ಕೋಟಿ ಡಾಲರಿಗೆ ಕೊಳ್ಳಲು ಹೊರಟಿತು. ಆಂಡ್ರಾಯ್ಡ್ ಕದ್ದ ಮಾಲು, ಅದನ್ನು ನಾಶ ಮಾಡಲು ಕಂಪನಿಯ ಕೊನೆಯ ಕಾಸನ್ನೂ ಸುರಿಯುತ್ತೇನೆ ಎಂದು ಜಾಬ್ಸ್ ತಮ್ಮ ಜೀವನಚರಿತ್ರೆ ಬರೆದವರ ಹತ್ತಿರ ಹೇಳಿದ್ದರು. ಆ ಪುಸ್ತಕ ಹೊರಬರುವ ಮೊದಲೇ, 2011ರ ಅಕ್ಟೋಬರ್ 5ರಂದು, ಅವರು ತೀರಿಕೊಂಡರು.

ಸ್ಯಾನ್ ಹೋಸೆಯಲ್ಲಿ ಕೇಸು ಬಂದದ್ದು ಲೂಸಿ ಕೋ ಎಂಬ ನ್ಯಾಯಾಧೀಶೆಯ ಮುಂದೆ. ಕೊರಿಯಾದಿಂದ ವಲಸೆ ಬಂದ ಮನೆತನದವರು, ಮುಲಾಜಿಲ್ಲದ ಹೆಂಗಸು. 2011ರ ಅಕ್ಟೋಬರಿನ ಒಂದು ವಿಚಾರಣೆಯಲ್ಲಿ ಅವರು ಐಪ್ಯಾಡ್ ಒಂದನ್ನೂ ಗ್ಯಾಲಕ್ಸಿ ಟ್ಯಾಬ್ ಒಂದನ್ನೂ ಎರಡು ಕೈಯಲ್ಲಿ ಎತ್ತಿ ಹಿಡಿದು, ಇದರಲ್ಲಿ ನಿಮ್ಮದು ಯಾವುದು ಅಂತ ಸ್ಯಾಮ್‌ಸಂಗ್ ವಕೀಲರನ್ನೇ ಕೇಳಿದರು. ಇಷ್ಟು ದೂರದಿಂದ ಹೇಳಲಾಗದು ಅಂದರು ವಕೀಲರು! ದೂರ ಅಂದರೆ ಹತ್ತಡಿ. ಮುಂದಿನ ವರ್ಷ ವಿಚಾರಣೆಯ ಕೊನೆಗೆ ಸಮಯ ಮುಗಿಯುತ್ತಾ ಬಂದಾಗ ಆಪಲ್ ವಕೀಲರು ಸಾಕ್ಷಿಗಳ ಬಗ್ಗೆ 75 ಪುಟದ ಕಾಗದ ತಂದುಕೊಟ್ಟರು. ಇಷ್ಟು ಜನರನ್ನು ಕರೆಸಲು ಹೊತ್ತೆಲ್ಲಿದೆ, ನಿಮಗೇನು ಅಮಲೇರಿದೆಯಾ ಎಂಬ ಧಾಟಿಯಲ್ಲಿ ಅವರಿಗೂ ಬೈಗುಳ ಬಿತ್ತು.

ಈ ನಡುವೆ ಬೇರೆ ದೇಶಗಳಲ್ಲಿ ಒಂದೊಂದು ಕೋರ್ಟು ಒಂದೊಂದು ರಾಗ. ಜರ್ಮನಿಯ ಡುಸೆಲ್‌ಡಾರ್ಫ್ ಕೋರ್ಟು ಗ್ಯಾಲಕ್ಸಿ ಟ್ಯಾಬ್ 10.1 ಮಾರುವ ಹಾಗಿಲ್ಲ ಅಂದಿತು. ಸ್ಯಾಮ್‌ಸಂಗ್ ಅಂಚನ್ನು ಸ್ವಲ್ಪ ಬದಲಿಸಿ, ಹೆಸರಿಗೆ ಒಂದಕ್ಷರ ಸೇರಿಸಿ ಮತ್ತೆ ಮಾರಿತು. ಆಸ್ಟ್ರೇಲಿಯಾದಲ್ಲಿ 2011ರ ಅಕ್ಟೋಬರಿನಲ್ಲಿ ತಡೆಯಾಜ್ಞೆ, ಡಿಸೆಂಬರಿನಲ್ಲಿ ತೆರವು. ಟೋಕಿಯೋದಲ್ಲಿ ಆಪಲ್ ಸೋತಿತು. ಎಲ್ಲಕ್ಕಿಂತ ತಮಾಷೆ ಲಂಡನ್ನಿನದ್ದು. 2012ರ ಜುಲೈಯಲ್ಲಿ ಅಲ್ಲಿನ ನ್ಯಾಯಾಧೀಶ ಕಾಲಿನ್ ಬರ್ಸ್, ಸ್ಯಾಮ್‌ಸಂಗ್ ಟ್ಯಾಬ್ಲೆಟ್ಟಿನಲ್ಲಿ ಐಪ್ಯಾಡಿನ ಆ ಅಂದ ಇಲ್ಲ, ಹಾಗಾಗಿ ಅದು ನಕಲಲ್ಲ ಅಂತ ತೀರ್ಪು ಕೊಟ್ಟರು. ಗೆದ್ದವನಿಗೆ ಹೊಗಳಿಕೆ ಇಲ್ಲ, ಸೋತವನಿಗೆ ಉಂಟು! ಸ್ಯಾಮ್‌ಸಂಗ್ ನಕಲು ಮಾಡಿಲ್ಲ ಎಂದು ಆಪಲ್ ತನ್ನ ವೆಬ್‌ಸೈಟಿನಲ್ಲೂ ಪತ್ರಿಕೆಗಳಲ್ಲೂ ಪ್ರಕಟಿಸಬೇಕು ಅಂತಲೂ ಆದೇಶವಾಯಿತು. ಆಪಲ್ ಪ್ರಕಟಿಸಿತು, ಆದರೆ ಜರ್ಮನಿಯಲ್ಲಿ, ಅಮೆರಿಕದಲ್ಲಿ ನಾವೇ ಗೆದ್ದಿದ್ದೇವೆ ಅಂತ ಕೆಳಗೆ ಬಾಲ ಸೇರಿಸಿತು. ಮೇಲಿನ ಕೋರ್ಟಿಗೆ ಸಿಟ್ಟು ಬಂತು. ಸರಿಪಡಿಸಿ ಅಂದರೆ, ಅದಕ್ಕೆ ಹದಿನಾಲ್ಕು ದಿನ ಬೇಕು ಅಂದರು. ವೆಬ್‌ಸೈಟಿನ ನಾಲ್ಕು ಸಾಲು ತಿದ್ದಲು, ಅದೂ ಆಪಲ್ ಕಂಪನಿಗೆ! ಕೋರ್ಟು ಕೊಟ್ಟದ್ದು 48 ಗಂಟೆ.

2012ರ ಆಗಸ್ಟ್ 24ರಂದು ಸ್ಯಾನ್ ಹೋಸೆಯಲ್ಲಿ ಒಂಬತ್ತು ಜನರ ಜ್ಯೂರಿಯ ತೀರ್ಪು ಬಂತು. ಉತ್ತರಿಸಬೇಕಾದ ಪ್ರಶ್ನೆಗಳು ಸುಮಾರು ಏಳುನೂರು. ಮೂರು ದಿನದೊಳಗೆ ಮುಗಿಸಿಬಿಟ್ಟರು. ಸ್ಯಾಮ್‌ಸಂಗ್ ಫೋನುಗಳು ಆಪಲ್ ಪೇಟೆಂಟುಗಳನ್ನು ಮೀರಿವೆ, 105 ಕೋಟಿ ಡಾಲರ್ ಕೊಡಬೇಕು. ಟ್ಯಾಬ್ಲೆಟ್ಟಿನ ಆಕಾರದ ನಕಲು ಆಗಿಲ್ಲ. ಸ್ಯಾಮ್‌ಸಂಗಿನ ಪೇಟೆಂಟುಗಳನ್ನು ಆಪಲ್ ಒಂದನ್ನೂ ಮೀರಿಲ್ಲ. ಸೋಲ್ ಕೋರ್ಟೂ ಅದೇ ದಿನ ತೀರ್ಪು ಕೊಟ್ಟಿತ್ತು. ಅದರ ಪ್ರಕಾರ ಇಬ್ಬರೂ ತಪ್ಪಿತಸ್ಥರು, ಆಪಲ್ ಎರಡು ಪೇಟೆಂಟಿನಲ್ಲಿ, ಸ್ಯಾಮ್‌ಸಂಗ್ ಒಂದರಲ್ಲಿ. ಅವರವರ ಊರಿನ ಕೋರ್ಟು ಅವರವರಿಗೆ ಅಂತ ಆಗ ಜನ ಆಡಿಕೊಂಡರು. 2013ರ ಆಗಸ್ಟಿನಲ್ಲಿ ಆ ಮಾತಿಗೆ ಇನ್ನಷ್ಟು ಬಲ ಬಂತು. ಸ್ಯಾಮ್‌ಸಂಗಿನ ಒಂದು ಪೇಟೆಂಟಿನ ಮೇಲೆ ಕೆಲವು ಹಳೆಯ ಐಫೋನುಗಳ ಆಮದು ನಿಲ್ಲಿಸಲು ಅಮೆರಿಕದ ವ್ಯಾಪಾರ ಆಯೋಗ ಆದೇಶಿಸಿದ್ದನ್ನು ಒಬಾಮಾ ಸರಕಾರ ತಳ್ಳಿಹಾಕಿತು. 1987ರ ನಂತರ ಹಾಗೆ ಮಾಡಿದ್ದು ಅದೇ ಮೊದಲು. ಎರಡು ತಿಂಗಳ ಮೇಲೆ ಅದೇ ಆಯೋಗ ಸ್ಯಾಮ್‌ಸಂಗ್ ಫೋನುಗಳ ಮೇಲೆ ಹಾಕಿದ ನಿಷೇಧವನ್ನು ಮಾತ್ರ ಹಾಗೇ ಬಿಟ್ಟಿತು. ಸರಕಾರ ಕೊಟ್ಟ ಕಾರಣವೂ ತೀರಾ ಹುರುಳಿಲ್ಲದ್ದಲ್ಲ. ಸ್ಯಾಮ್‌ಸಂಗಿನದ್ದು ಎಲ್ಲ 3ಜಿ ಫೋನುಗಳೂ ಬಳಸಲೇಬೇಕಾದ ತಂತ್ರದ ಪೇಟೆಂಟ್. ಅಂಥದ್ದನ್ನು ನ್ಯಾಯವಾದ ಬೆಲೆಗೆ ಎಲ್ಲರಿಗೂ ಕೊಡ್ತೇವೆ ಅಂತ ಮಾತು ಕೊಟ್ಟವರು ಅದನ್ನು ಹಿಡಿದು ಬಾಗಿಲು ಮುಚ್ಚಿಸುವ ಹಾಗಿಲ್ಲ. ಆಪಲಿನ ಆಯುಧ ರೂಪ. ಅದನ್ನು ಬಳಸಲೇಬೇಕು ಅಂತಿಲ್ಲವಲ್ಲ.

ಇನ್ನು ಹಣದ ಕತೆ. ಜ್ಯೂರಿಯವರು ಕೆಲವು ಫೋನುಗಳಿಗೆ ತಪ್ಪು ದಿನದಿಂದ ಲೆಕ್ಕ ಹಿಡಿದಿದ್ದಾರೆ ಎಂದು 2013ರಲ್ಲಿ ಲೂಸಿ ಕೋ ಅವರೇ ಸುಮಾರು 45 ಕೋಟಿ ಡಾಲರ್ ತೆಗೆದುಹಾಕಿದರು. ಆ ಭಾಗಕ್ಕೆ ಮರುವಿಚಾರಣೆ ನಡೆದು 29 ಕೋಟಿ ಆಯಿತು. 2015ರಲ್ಲಿ ಮೇಲ್ಮನವಿ ಕೋರ್ಟು ಇನ್ನಷ್ಟು ಕಡಿದು 54.8 ಕೋಟಿಗೆ ಇಳಿಸಿತು. ಆ ವರ್ಷ ಡಿಸೆಂಬರಿನಲ್ಲಿ, ಗೆದ್ದರೆ ವಾಪಸ್ ಕೇಳುವ ಹಕ್ಕು ಇಟ್ಟುಕೊಂಡೇ, ಸ್ಯಾಮ್‌ಸಂಗ್ ಹಣ ಕೊಡಲು ಒಪ್ಪಿತು. ಚಿಲ್ಲರೆಯಲ್ಲಿ ಅಲ್ಲ. ಅದರಲ್ಲಿ 39.9 ಕೋಟಿ ಬರೇ ರೂಪಕ್ಕೆ ಸಂಬಂಧಿಸಿದ್ದು. ಎದುರಿನ ಮುಖ, ಅಂಚು, ಚೌಕಗಳ ಸಾಲು, ಈ ಮೂರು ವಿನ್ಯಾಸದ ಪೇಟೆಂಟುಗಳಿಗೆ. ಆ ಫೋನುಗಳಿಂದ ಸ್ಯಾಮ್‌ಸಂಗಿಗೆ ಬಂದ ಲಾಭ ಪೂರ್ತಿ ಅಷ್ಟು. ಬ್ಯಾಟರಿ, ಚಿಪ್ಪು, ಕ್ಯಾಮೆರಾ, ಯಾವುದಕ್ಕೂ ಒಂದು ಕಾಸು ಕಳೆದಿರಲಿಲ್ಲ.

ಇದು ಹೇಗೆ ನ್ಯಾಯ ಅಂತ ನಿಮಗೂ ಅನ್ನಿಸಬಹುದು. ಕಾರಣ ಹುಡುಕಿದರೆ ನೂರ ಮೂವತ್ತು ವರ್ಷ ಹಿಂದೆ ಹೋಗಬೇಕು, ಅದೂ ಒಂದು ನೆಲಹಾಸಿನ ಕೇಸಿಗೆ. ಅಮೆರಿಕದಲ್ಲಿ ಡಾಬ್ಸನ್ ಎಂಬ ನೇಕಾರರು ಬೇರೆಯವರ ಕಾರ್ಪೆಟ್ ವಿನ್ಯಾಸವನ್ನು ನಕಲು ಮಾಡಿದ್ದರು. 1885ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು: ನಕಲು ನಿಜ, ಆದರೆ ಲಾಭದಲ್ಲಿ ವಿನ್ಯಾಸದಿಂದ ಬಂದದ್ದೆಷ್ಟು, ಉಣ್ಣೆಯಿಂದ ಬಂದದ್ದೆಷ್ಟು ಅಂತ ನೀವು ತೋರಿಸಲಿಲ್ಲ, ಆದ್ದರಿಂದ ಪರಿಹಾರ ಆರು ಸೆಂಟ್. ಹೌದು, ಆರು ಸೆಂಟ್. ವಿನ್ಯಾಸ ಮಾಡುವವರೆಲ್ಲ ಬೊಬ್ಬೆ ಹಾಕಿದರು. ಯಾಕೆಂದರೆ ಕಾರ್ಪೆಟ್ಟಿನಲ್ಲಿ ಜನ ಕೊಳ್ಳುವುದೇ ಚಿತ್ತಾರವನ್ನು. ನಮ್ಮಲ್ಲಿ ಸೀರೆಯನ್ನು ಸೆರಗು ನೋಡಿ ಕೊಳ್ಳುವುದಿಲ್ಲವೇ, ಹಾಗೆ. 1887ರಲ್ಲಿ ಸಂಸತ್ತು ಕಾನೂನು ಮಾಡಿತು: ಪೇಟೆಂಟಾದ ವಿನ್ಯಾಸವನ್ನು ಒಂದು ವಸ್ತುವಿಗೆ ಬಳಸಿದವನು ಆ ವಸ್ತುವಿನ ಪೂರ್ತಿ ಲಾಭ ಕೊಡಬೇಕು. ಅದಕ್ಕೂ ಹಿಂದೆ, 1870ರ ದಶಕದ ಆರಂಭದಲ್ಲಿ, ಬೆಳ್ಳಿ ಚಮಚದ ಹಿಡಿಯ ಒಂದು ಕೇಸಿನಲ್ಲಿ, ಸಾಮಾನ್ಯ ಗಿರಾಕಿಯ ಕಣ್ಣಿಗೆ ಎರಡೂ ಒಂದೇ ಅನ್ನಿಸಿದರೆ ಅದು ನಕಲು ಅಂತ ಅದೇ ಕೋರ್ಟು ನಿಯಮ ಹೇಳಿತ್ತು. ಚಮಚಕ್ಕೆ ಹಾಕಿದ ಅಳತೆಗೋಲು, ಕಾರ್ಪೆಟ್ಟಿಗೆ ಮಾಡಿದ ದಂಡ, ಎರಡೂ ಬಂದು ಗ್ಯಾಲಕ್ಸಿಯ ತಲೆಯ ಮೇಲೆ ಬಿದ್ದವು.

ಕಾರ್ಪೆಟ್ಟಿಗೆ ಆ ಕಾನೂನು ಸರಿಯೇ ಇತ್ತು ಅಂತ ನನಗನ್ನಿಸುತ್ತದೆ. ಆದರೆ ಫೋನು ಕಾರ್ಪೆಟ್ ಅಲ್ಲ. ನಾನು ದಿನಾ ಬಿಚ್ಚುವ ವಸ್ತುವಿನಲ್ಲಿ ಹೊರಗಿನ ಕವಚ ಒಂದು ಭಾಗ, ಅಷ್ಟೇ. ಹಾಗಂತ ಕವಚ ಏನೂ ಅಲ್ಲ ಅನ್ನಲೂ ಬಾಯಿ ಬರುವುದಿಲ್ಲ. ಊರಿಗೆ ಹೊರಟ ನಮ್ಮ ಹುಡುಗರು ಅಂಗಡಿಯ ಗಾಜಿನಾಚೆ ನಿಂತು ಫೋನ್ ಆರಿಸುವುದನ್ನು ಎಷ್ಟೋ ವರ್ಷದಿಂದ ನೋಡಿದ್ದೇನೆ. ಪ್ರೊಸೆಸರ್ ಯಾವುದು ಅಂತ ಕೇಳುವವರು ಹತ್ತರಲ್ಲಿ ಒಬ್ಬರು.

ಸುಪ್ರೀಂ ಕೋರ್ಟಿನಲ್ಲಿ ಇದೇ ಚರ್ಚೆ ನಡೆಯಿತು. ನೂರಕ್ಕೂ ಹೆಚ್ಚು ಹೆಸರಾಂತ ವಿನ್ಯಾಸಕಾರರು ಆಪಲ್ ಪರ ಅರ್ಜಿ ಕೊಟ್ಟರು. ನ್ಯಾಯಮೂರ್ತಿಗಳು ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ಉದಾಹರಣೆಗೆ ಎಳೆದು ತಂದರು: ಆಮೆಯಂಥ ಆ ಆಕಾರಕ್ಕೇ ಜನ ಕಾರು ಕೊಂಡರೆ ಲೆಕ್ಕ ಹೇಗೆ? 2016ರ ಡಿಸೆಂಬರ್ 6ರಂದು ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಸ್ಯಾಮ್‌ಸಂಗ್ ಪರ ತೀರ್ಪು ಕೊಟ್ಟರು. ಕಾನೂನಿನಲ್ಲಿರುವ ವಸ್ತು ಎಂಬ ಮಾತಿಗೆ ಅಂಗಡಿಯಲ್ಲಿ ಮಾರುವ ಪೂರ್ತಿ ವಸ್ತು ಅಂತಲೇ ಅರ್ಥ ಹೇಳಬೇಕಿಲ್ಲ, ಅದರ ಒಂದು ಭಾಗವೂ ಆಗಬಹುದು ಅಂತ. ಸರಿ, ಹಾಗಾದರೆ ಈ ಫೋನುಗಳಲ್ಲಿ ಆ ವಸ್ತು ಯಾವುದು, ಪೂರ್ತಿಯೋ ಭಾಗವೋ? ಅದನ್ನು ನಾವು ಹೇಳುವುದಿಲ್ಲ ಅಂದರು! ಕೇಸು ಕೆಳಕ್ಕೆ ಇಳಿಯಿತು.

2018ರ ಮೇ ತಿಂಗಳಲ್ಲಿ ಅದೇ ಸ್ಯಾನ್ ಹೋಸೆ, ಅದೇ ಲೂಸಿ ಕೋ, ಹೊಸ ಜ್ಯೂರಿ. ಆಪಲ್ ಕೇಳಿದ್ದು ಸುಮಾರು ನೂರು ಕೋಟಿ, ಸ್ಯಾಮ್‌ಸಂಗ್ ಒಪ್ಪಿದ್ದು 2.8 ಕೋಟಿ. ಜ್ಯೂರಿ ಕೊಟ್ಟದ್ದು 53.9 ಕೋಟಿ ಡಾಲರ್, ಅದರಲ್ಲಿ 53.3 ಕೋಟಿಗೂ ಹೆಚ್ಚು ರೂಪಕ್ಕೆ. ಸುಪ್ರೀಂ ಕೋರ್ಟಿನಲ್ಲಿ ಗೆದ್ದು ಬಂದ ಸ್ಯಾಮ್‌ಸಂಗಿಗೆ ರೂಪದ ದಂಡ 39.9 ಕೋಟಿಯಿಂದ ಇಳಿಯುವ ಬದಲು ಏರಿತು. ಈ ಫೋನುಗಳು ಅಷ್ಟೊತ್ತಿಗೆ ಅಂಗಡಿಯಲ್ಲಿ ಮಾತ್ರ ಅಲ್ಲ, ನನ್ನ ರಿಪೇರಿ ಮೇಜಿನ ಮೇಲೂ ಕಾಣಿಸದಷ್ಟು ಹಳತಾಗಿದ್ದವು.

ಜಾರಿಸಿ ಬೀಗ ತೆಗೆಯುವ ಪರದೆಯ ಬಗ್ಗೆ ಇನ್ನೊಂದು ಕೇಸು ಪಕ್ಕದಲ್ಲೇ ನಡೆಯುತ್ತಿತ್ತು. ಅಲ್ಲಿ 2014ರಲ್ಲಿ ಆಪಲಿಗೆ ಸುಮಾರು 12 ಕೋಟಿ ಡಾಲರ್ ಸಿಕ್ಕಿತು. ಅದೇ ಜಾರಿಸುವ ಪೇಟೆಂಟನ್ನು ಜರ್ಮನಿಯಲ್ಲಿ ರದ್ದು ಮಾಡಿದರು. ಸ್ವೀಡನ್ನಿನ ನಿಯೋನೋಡ್ ಎಂಬ ಪುಟ್ಟ ಕಂಪನಿಯ ಫೋನಿನಲ್ಲಿ ಅಂಥದ್ದು ಮೊದಲೇ ಇತ್ತು.

ಪೂರ್ತಿಯೋ ಭಾಗವೋ ಎಂಬ ಇದೇ ಪ್ರಶ್ನೆ ನಮ್ಮ ದೇಶಕ್ಕೂ ಬಂತು, ಬೇರೆ ವೇಷದಲ್ಲಿ. ಇಲ್ಲಿಂದ ರಜೆಗೆ ಹೋದಾಗ ಊರಿನ ಹುಡುಗರ ಕೈಯಲ್ಲೆಲ್ಲ ಮೈಕ್ರೋಮ್ಯಾಕ್ಸ್ ಕಾಣುತ್ತಿದ್ದ ಕಾಲ ನೆನಪಿದೆಯಲ್ಲ? 2013ರಲ್ಲಿ ಸ್ವೀಡನ್ನಿನ ಎರಿಕ್ಸನ್ ಆ ಕಂಪನಿಯ ಮೇಲೆ ದೆಹಲಿ ಹೈಕೋರ್ಟಿಗೆ ಹೋಯಿತು. ಫೋನಿನಿಂದ ಟವರಿಗೆ ಮಾತು ಹೋಗುವ ತಂತ್ರದ ಪೇಟೆಂಟ್ ತನ್ನದು, ಅದಕ್ಕೆ ರಾಯಧನ ಬೇಕು ಅಂತ. ಮೈಕ್ರೋಮ್ಯಾಕ್ಸ್ ಭಾರತದ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. ತಂತ್ರ ಇರುವುದು ಒಂದು ಚಿಪ್ಪಿನಲ್ಲಿ, ರಾಯಧನ ಕೇಳುವುದು ಇಡೀ ಫೋನಿನ ಬೆಲೆಯ ಮೇಲೆ ಎಂದು. ಆಯೋಗ ತನ್ನ ಆದೇಶದಲ್ಲಿ ಸರಳವಾಗಿ ಹೇಳಿತು: ಅದೇ ಚಿಪ್ಪು ನೂರು ರೂಪಾಯಿಯ ಫೋನಿನಲ್ಲಿದ್ದರೆ ಒಂದೂಕಾಲು ರೂಪಾಯಿ, ಸಾವಿರದ ಫೋನಿನಲ್ಲಿದ್ದರೆ ಹನ್ನೆರಡೂವರೆ. ಇದು ಯಾವ ಲೆಕ್ಕ? ನನಗೆ ಇಡೀ ಚರಿತ್ರೆಯಲ್ಲಿ ಇಷ್ಟು ಸ್ಪಷ್ಟವಾಗಿ ಪ್ರಶ್ನೆ ಕೇಳಿದವರು ಇನ್ನೊಬ್ಬರು ಕಾಣಲಿಲ್ಲ. ಆದರೆ ಇಂಥ ಪೇಟೆಂಟ್ ವಿಷಯ ತನಿಖೆ ಮಾಡಲು ಆಯೋಗಕ್ಕೆ ಅಧಿಕಾರವಿಲ್ಲ ಎಂದು 2023ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. 2024ರ ಮಾರ್ಚಿನಲ್ಲಿ ಅದೇ ಹೈಕೋರ್ಟು ಲಾವಾ ಕಂಪನಿ ಎರಿಕ್ಸನ್‌ಗೆ 244 ಕೋಟಿ ರೂಪಾಯಿ ಕೊಡಬೇಕೆಂದು ತೀರ್ಪು ಕೊಟ್ಟಿತು. ಲೆಕ್ಕ ಹಾಕಿದ್ದು ಚಿಪ್ಪಿನ ಮೇಲಲ್ಲ, ಫೋನಿನ ಮಾರಾಟ ಬೆಲೆಯ ಮೇಲೆ.

ಆಪಲ್, ಸ್ಯಾಮ್‌ಸಂಗ್ ಮಾತ್ರ ಮತ್ತೆ ಮೇಲ್ಮನವಿಗೆ ಹೋಗಲಿಲ್ಲ. ಅಮೆರಿಕದ ಹೊರಗಿನ ಕೇಸುಗಳನ್ನೆಲ್ಲ 2014ರಲ್ಲೇ ಇಬ್ಬರೂ ಕೈಬಿಟ್ಟಿದ್ದರು. 2018ರ ಜೂನ್ 27ರಂದು ಉಳಿದದ್ದೂ ರಾಜಿಯಾಯಿತು ಎಂದು ಕೋರ್ಟಿಗೆ ತಿಳಿಸಿದರು. ಎಷ್ಟಕ್ಕೆ ಅಂತ ಇಬ್ಬರೂ ಹೇಳಲಿಲ್ಲ.

ಈ ಏಳು ವರ್ಷದಲ್ಲಿ ಒಳಗಿನ ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಆಪಲ್ ತನ್ನ ಚಿಪ್ಪಿನ ಕೆಲಸವನ್ನು ಮೆಲ್ಲನೆ ತೈವಾನಿನ ಟಿಎಸ್‌ಎಂಸಿ ಕಡೆ ಸರಿಸಿತು ಅನ್ನುವುದು ನಿಜ. 2015ರ ಐಫೋನ್ 6ಎಸ್‌ಗೆ ಇಬ್ಬರೂ ಚಿಪ್ಪು ಮಾಡಿದರು, ಮುಂದಿನ ವರ್ಷದಿಂದ ತೈವಾನಿನವರೊಬ್ಬರೇ. ಆದರೆ 2017ರಲ್ಲಿ ಐಫೋನ್ ಎಕ್ಸ್‌ಗೆ ಹೊಸ ತರದ ಒಎಲ್‌ಇಡಿ ಪರದೆ ಬೇಕಾದಾಗ ಮತ್ತೆ ಸ್ಯಾಮ್‌ಸಂಗ್ ಬಾಗಿಲಿಗೇ ಹೋದರು. ದುಂಡು ಮೂಲೆಯ ಆ ಪರದೆ ಒಡೆದುಕೊಂಡು ಇವತ್ತಿಗೂ ಯಾರಾದರೊಬ್ಬರು ನನ್ನ ಹತ್ತಿರ ಬರುತ್ತಾರೆ. ಒರಿಜಿನಲ್ಲೇ ಹಾಕಿ ಅನ್ನುತ್ತಾರೆ. ಒರಿಜಿನಲ್ ಅಂದರೆ ಸ್ಯಾಮ್‌ಸಂಗಿನದ್ದು ಅಂದರೆ, ಇವನೇನೋ ಡೂಪ್ಲಿಕೇಟ್ ತಳ್ಳಲು ನೋಡ್ತಾ ಇದ್ದಾನೆ ಅಂತ ಫೋನ್ ವಾಪಸ್ ಇಸಕೊಂಡು ಪಕ್ಕದ ಅಂಗಡಿಗೆ ಹೋಗ್ತಾರೆ.